ಅಪ್ಪನ ಫೋಟೋಗಳಿಗೆ ಉಳಿದಿದ್ದ ಐದು ದಿನ

2024ರ ಚೌತಿ ಸೆಪ್ಟೆಂಬರ್ 7, ಶನಿವಾರ ಬಂದಿತ್ತು. ಉಡುಪಿಯ ಅಂಬಲಪಾಡಿಯ ನಮ್ಮ ಮನೆಯಲ್ಲಿ ಪೂಜೆ ಮುಗಿದು, ಪಂಚಕಜ್ಜಾಯ ಹಂಚಿ, ಊಟಕ್ಕೆ ಬಾಳೆಲೆ ಹಾಕುವ ಹೊತ್ತು. ಮಸ್ಕತ್‌ನಲ್ಲಿರುವ ತಂಗಿ ವೀಡಿಯೊ ಕಾಲ್ ಮಾಡಿದಳು. ಹಬ್ಬದ ದಿನ ಅವಳ ಕಾಲ್ ಬರುವುದು ಇದ್ದದ್ದೇ. ಅವತ್ತು ಮಾತ್ರ ಮುಖದಲ್ಲಿ ಗಾಬರಿ ಇತ್ತು.

“ಅಕ್ಕ, ಅಪ್ಪ ಗಣಪತಿಯ ಎದುರು ಕಬ್ಬು ಕಟ್ಟುವ ಫೋಟೋ ಇತ್ತಲ್ವಾ? ಮಗನಿಗೆ ತೋರಿಸುವ ಅಂತ ಹುಡುಕ್ತಾ ಇದ್ದೇನೆ. ಅದೊಂದೇ ಅಲ್ಲ, 2016ರಿಂದ 2019ರವರೆಗಿನದ್ದು ಒಂದೂ ಕಾಣ್ತಾ ಇಲ್ಲ. ನಿನ್ನ ಹತ್ರ ಉಂಟಾ ನೋಡು.”

ಬಾಳೆಲೆ ಅಲ್ಲೇ ಬಿಟ್ಟು ಲ್ಯಾಪ್‌ಟಾಪ್ ತೆರೆದೆ. ಇರಲಿಲ್ಲ. ಅಮ್ಮನ ಫೋನ್ ನೋಡಿದೆ. ಅಲ್ಲೂ ಇರಲಿಲ್ಲ. 2015ರ ಕೊನೆಯ ಫೋಟೋ ಆದ ಕೂಡಲೇ 2020 ಶುರುವಾಗುತ್ತಿತ್ತು. ನಡುವಿನ ನಾಲ್ಕು ವರ್ಷ ಯಾರೋ ಕತ್ತರಿಸಿ ತೆಗೆದ ಹಾಗೆ. ಆ ಯಾರೋ ನಾನೇ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಮ್ಮ ಮನೆಯಲ್ಲಿ ಫೋಟೋಗಳ ವ್ಯವಸ್ಥೆ ಹೀಗಿತ್ತು. ಅಪ್ಪ ಇದ್ದಾಗ ಅವರ ಫೋನಿಗೂ ಅಮ್ಮನ ಹೆಸರಿನ ಗೂಗಲ್ ಖಾತೆಯೇ. ಅದೇ ಖಾತೆ ಅಮ್ಮನ ಫೋನಿನಲ್ಲಿ, ಹಳೆಯ ಟ್ಯಾಬ್‌ನಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ, ತಂಗಿಯ ಐಫೋನಿನಲ್ಲಿ. ಅಪ್ಪ ತೆಗೆದ ಫೋಟೋ ಗೂಗಲ್ ಫೋಟೋಸ್ ಮೂಲಕ ನಮ್ಮೆಲ್ಲರಿಗೂ ಕಾಣುತ್ತಿತ್ತು. ಅಪ್ಪ 2021ರಲ್ಲಿ ತೀರಿಕೊಂಡ ಮೇಲೆ ಅವರ ಮೆಮೊರಿ ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ನಾನೇ ಅಮ್ಮನ ಫೋನಿಗೆ ಹಾಕಿದ್ದೆ. ಕಾರ್ಡನ್ನು ಅಳಿಸಿ ಬೇರೆಯದಕ್ಕೆ ಉಪಯೋಗಿಸಿದ್ದೆ. ನಾಲ್ಕು ಕಡೆ ಕಾಣುತ್ತದೆ ಅಂದಮೇಲೆ ನಾಲ್ಕು ಪ್ರತಿ ಇದೆ ಎಂಬುದು ನನ್ನ ನಂಬಿಕೆ.

ಜುಲೈಯ ಒಂದು ಭಾನುವಾರ, ಇನ್ನೇನು ತುಳುವರ ಆಟಿ ತಿಂಗಳು ಶುರುವಾಗುವುದರಲ್ಲಿತ್ತು, ಹೊರಗೆ ಬಿಡದೆ ಮಳೆ. ಅಮ್ಮನ 64 ಜಿಬಿ ಫೋನ್ ತುಂಬಿ, ವಾಟ್ಸಾಪ್ ತೆರೆಯಲೂ ತಕರಾರು ಮಾಡುತ್ತಿತ್ತು. “ಹಳೆಯದೆಲ್ಲ ಕ್ಲೌಡ್‌ನಲ್ಲಿ ಉಂಟಲ್ಲ ಅಮ್ಮ, ಫೋನಿಂದ ತೆಗೀತೇನೆ” ಎಂದೆ. ಗೂಗಲ್ ಫೋಟೋಸ್ ತೆರೆದು ಹಳೆಯ ವರ್ಷಗಳನ್ನು ಒಟ್ಟಿಗೆ ಆರಿಸಿ ಡಿಲೀಟ್ ಒತ್ತಿದೆ. ವಾಟ್ಸಾಪಿನಲ್ಲಿ ಬಂದ ಹಳೆಯ ಫೋಟೋಗಳನ್ನೂ ಹಾಗೆಯೇ ಅಳಿಸಿದೆ. ಎಲ್ಲ ಕಡೆಯಿಂದಲೂ ಹೋಗುತ್ತದೆ ಎಂದು ಆ್ಯಪ್ ಕೇಳಿಯೇ ಕೇಳುತ್ತದೆ. ನಾನು ಓದದೆ ಒಪ್ಪಿಕೊಂಡೆ. ಇದರಲ್ಲಿ ಆ್ಯಪಿನ ತಪ್ಪು ಏನೂ ಇಲ್ಲ.

ನಿಜವಾಗಿ ನಾನು ಒತ್ತಬೇಕಿದ್ದದ್ದು ಬೇರೆ. ಫೋನಿನಲ್ಲಿ ಜಾಗ ಖಾಲಿ ಮಾಡಲೆಂದೇ ಅದೇ ಆ್ಯಪಿನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬ ಆಯ್ಕೆ ಇದೆ. ಅದು ಬ್ಯಾಕಪ್ ಆದ ಫೋಟೋಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ, ಕ್ಲೌಡ್‌ನಲ್ಲಿರುವುದನ್ನು ಮುಟ್ಟುವುದಿಲ್ಲ. ಡಿಲೀಟ್ ಒತ್ತಿದರೆ ಹಾಗಲ್ಲ. ಒಂದೇ ಖಾತೆಯ ಫೋಟೋ ಎಲ್ಲ ಕಡೆ ಕಾಣುವ ಹಾಗೆ ಮಾಡುವ ಸಿಂಕ್ ಅಂದರೆ ಕನ್ನಡಿ ಇದ್ದ ಹಾಗೆ. ಎದುರಿಗೆ ಇದ್ದರೆ ಕಾಣುತ್ತದೆ, ಎದುರಿನಿಂದ ತೆಗೆದರೆ ಕನ್ನಡಿಯಿಂದಲೂ ಹೋಗುತ್ತದೆ. ನಾನು ಅದನ್ನು ಕಪಾಟು ಅಂದುಕೊಂಡಿದ್ದೆ. ನಾಲ್ಕು ಕಡೆ ಕಾಣುತ್ತಿದ್ದದ್ದು ಒಂದೇ ಪ್ರತಿ. ಆಪಲ್‌ನವರ ಐಕ್ಲೌಡ್ ಫೋಟೋಸ್ ಕೂಡ ಹೀಗೆಯೇ, ಐಫೋನಿನಲ್ಲಿ ಅಳಿಸಿದ್ದು ಐಪ್ಯಾಡಿನಲ್ಲೂ ಉಳಿಯುವುದಿಲ್ಲ.

ತಂಗಿ ಇನ್ನೂ ಕಾಲ್‌ನಲ್ಲೇ ಇದ್ದಳು. “ಬಿನ್‌ನಲ್ಲಿ ನೋಡಿದ್ಯಾ?” ಎಂದಳು. ಬ್ಯಾಕಪ್ ಆಗಿದ್ದ ಫೋಟೋ ಡಿಲೀಟ್ ಮಾಡಿದರೆ ಬಿನ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಜುಲೈಯಲ್ಲಿ ಮಾಡಿದ್ದು ಗೊತ್ತು. ಯಾವ ಭಾನುವಾರ? ನೆನಪೇ ಇಲ್ಲ. ಕೈ ನಡುಗುತ್ತಿತ್ತು, ಬಿನ್ ತೆರೆಯಲು ಧೈರ್ಯ ಬರಲಿಲ್ಲ.

ಅಮ್ಮ ಏನೂ ಹೇಳದೆ ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದರು. ಗ್ಯಾಸ್ ಬಂದದ್ದು, ಹಾಲು ಬೇಡ ಅಂದದ್ದು, ಯಾರದ್ದೋ ಮದುವೆ, ಎಲ್ಲವನ್ನೂ ಅವರು ಅದರ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಜುಲೈ ಹಾಳೆ ಹಿಂದಕ್ಕೆ ಮಡಚಿದ್ದರು, ಹರಿದಿರಲಿಲ್ಲ. 14ರ ಚೌಕದಲ್ಲಿ ಸಣ್ಣ ಅಕ್ಷರ: “ಕರೆಂಟ್ ಇಲ್ಲ. ಫೋನ್ ಸರಿ ಆಯ್ತು.”

ಜುಲೈಯಲ್ಲಿ 17 ದಿನ, ಆಗಸ್ಟ್‌ನಲ್ಲಿ 31, ಸೆಪ್ಟೆಂಬರ್‌ನಲ್ಲಿ 7. ಒಟ್ಟು 55. ಇನ್ನು ಐದು ದಿನ ಇತ್ತು.

ಬಿನ್ ತೆರೆದೆ. ಎಲ್ಲ ಅಲ್ಲೇ ಇತ್ತು. 2,300ಕ್ಕೂ ಹೆಚ್ಚು. ಆರಿಸಿ ರಿಸ್ಟೋರ್ ಒತ್ತಿದಾಗ ಕಬ್ಬು ಕಟ್ಟುವ ಅಪ್ಪ ವಾಪಸ್ ಬಂದರು. ತಂಗಿ ಆ ಕಡೆಯಿಂದ “ಬಂತು, ಬಂತು” ಎಂದು ಕೂಗಿದಳು. ಅಂದು ನಾವು ಊಟ ಮಾಡುವಾಗ ಮೂರು ಗಂಟೆ ಕಳೆದಿತ್ತು.

ಎಲ್ಲ ಸಿಕ್ಕಿತು ಎಂದು ರಾತ್ರಿ ಮಲಗಿದೆ. ಬೆಳಿಗ್ಗೆ ಅಮ್ಮ ಕೇಳಿದರು, “ಬಾವಿಕಟ್ಟೆಯಲ್ಲಿ ಕೂತು ಪೇಪರ್ ಓದುವುದು ಎಲ್ಲಿ?”

ಆ ಫೋಟೋ ಅಪ್ಪ ತೆಗೆದದ್ದಲ್ಲ. ನೆರೆಮನೆಯವರು ಅಪ್ಪ ತೀರಿಕೊಂಡ ವಾರ ವಾಟ್ಸಾಪಿನಲ್ಲಿ ಕಳಿಸಿದ್ದು. ಫೋನಿನ ಕ್ಯಾಮೆರಾ ಫೋಲ್ಡರ್ ತಾನಾಗಿ ಬ್ಯಾಕಪ್ ಆಗುತ್ತದೆ. ವಾಟ್ಸಾಪಿನಲ್ಲಿ ಬಂದದ್ದು ಬೇರೆ ಫೋಲ್ಡರಿನಲ್ಲಿ ಇರುತ್ತದೆ, ಅದನ್ನೂ ಬ್ಯಾಕಪ್ ಮಾಡು ಎಂದು ನಾವೇ ಸೆಟ್ಟಿಂಗಿನಲ್ಲಿ ಹೇಳಬೇಕು. ನಾವು ಹೇಳಿರಲಿಲ್ಲ. ಬ್ಯಾಕಪ್ ಆಗದ ಫೋಟೋ ಬಿನ್‌ನಲ್ಲಿ 60 ದಿನ ಇರುವುದಿಲ್ಲ, 30 ದಿನ ಮಾತ್ರ. ಆಗಸ್ಟ್ ನಡುವಿಗೇ ಅವೆಲ್ಲ ಹೋಗಿದ್ದವು.

ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ಹೊಳೆಯಿತು. ಅಪ್ಪ ಯಾವಾಗಲೂ ಕ್ಯಾಮೆರಾದ ಹಿಂದೆ ಇದ್ದವರು. ವಾಪಸ್ ಬಂದ ಆ 2,300 ಫೋಟೋಗಳಲ್ಲಿ ಗದ್ದೆ ಇತ್ತು, ಕಂಬಳ ಇತ್ತು, ನಮ್ಮ ಹಲಸಿನ ಮರ ಪ್ರತಿ ವರ್ಷ ಇತ್ತು, ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ರಾಶಿ ರಾಶಿ ಇತ್ತು. ಅಪ್ಪ ಇದ್ದದ್ದು ಏಳೆಂಟರಲ್ಲಿ. ಅಪ್ಪನ ಮುಖ ಇದ್ದದ್ದು ಬೇರೆಯವರು ತೆಗೆದು ಕಳಿಸಿದ್ದರಲ್ಲಿ. ನಾನು ಕಳೆದುಕೊಂಡದ್ದು ಅದನ್ನೇ.

ಒಂದು ವಾರ ಎಲ್ಲರಿಗೂ ಫೋನ್ ಮಾಡಿದೆ. ಮಂಗಳೂರಿನ ಕದ್ರಿಯಲ್ಲಿರುವ ಅಣ್ಣ, ಮುಂಬೈಯ ಭಾವ, ದೊಡ್ಡಮ್ಮನ ಮಕ್ಕಳು. “ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ” ಎಂದು ಒಬ್ಬೊಬ್ಬರಿಗೂ ಹೇಳಿಕೊಟ್ಟೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗಿಸಿಯೇ ಕಳಿಸುತ್ತದೆ. ಯಾವಾಗ ತೆಗೆದದ್ದು, ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಕಳಚಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಭಾವ ಒಬ್ಬರೇ 40 ಫೋಟೋ ಕಳಿಸಿದರು. ಅಪ್ಪ ನಗುವುದು, ಅಪ್ಪ ಯಾರಿಗೋ ಬಡಿಸುವುದು. ಬಾವಿಕಟ್ಟೆಯ ಫೋಟೋ ಮಾತ್ರ ಯಾರಲ್ಲೂ ಇರಲಿಲ್ಲ. ನೆರೆಮನೆಯವರು ಫೋನ್ ಬದಲಿಸಿಯಾಗಿತ್ತು.

ಅದು ಸಿಕ್ಕಲೇ ಇಲ್ಲ.

ಆಮೇಲಿನ ಒಂದು ತಿಂಗಳು ನನ್ನ ಸಂಜೆಗಳೆಲ್ಲ ಇದಕ್ಕೇ. ಮೊದಲು ಗೂಗಲ್ ಟೇಕ್‌ಔಟ್ ಮೂಲಕ ಖಾತೆಯಲ್ಲಿರುವ ಫೋಟೋ ಎಲ್ಲ ಇಳಿಸಿಕೊಂಡೆ. ಕೇಳಿಕೊಂಡರೆ ಅವರು ಜಿಪ್ ಫೈಲ್ ಮಾಡಿ ಲಿಂಕ್ ಕಳಿಸುತ್ತಾರೆ. ಲಿಂಕ್ ಇರುವುದು ಒಂದು ವಾರ ಮಾತ್ರ. ನಮ್ಮದು 38 ಜಿಬಿ, ಎರಡೆರಡು ಜಿಬಿಯ 19 ಜಿಪ್. ಉಚಿತವಾಗಿ ಕೊಡುವುದು 15 ಜಿಬಿ, ನಮ್ಮದು 38 ಹೇಗಾಯಿತು ಎಂದು ತಂಗಿ ಕೇಳಿದಳು. 2021ರ ಜೂನ್ 1ಕ್ಕಿಂತ ಮೊದಲು ‘ಹೈ ಕ್ವಾಲಿಟಿ’ಯಲ್ಲಿ ಹಾಕಿದ ಫೋಟೋಗಳು ಆ 15 ಜಿಬಿಯ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನದ್ದು ಬಹುಪಾಲು ಆ ಕಾಲದ್ದು. ಅಂದು ಬಿನ್ ಖಾಲಿಯಾಗಿದ್ದರೆ, ಬೇರೆ ಪ್ರತಿ ಎಲ್ಲಾದರೂ ಸಿಕ್ಕಿ ಮತ್ತೆ ಹಾಕಿದ್ದರೂ ದುಡ್ಡು ಕೊಟ್ಟೇ ಇಡಬೇಕಿತ್ತು.

ಜಿಪ್ ಬಿಚ್ಚಿದಾಗ ಪ್ರತಿ ಫೋಟೋದ ಪಕ್ಕದಲ್ಲಿ ಒಂದು ಜೇಸನ್ (.json) ಫೈಲ್ ಇರುತ್ತದೆ. ಕಸ ಅಂದುಕೊಂಡು ಅಳಿಸಬೇಡಿ. ಆ್ಯಪಿನಲ್ಲಿ ನಾವು ತಿದ್ದಿದ ತಾರೀಕು, ಬರೆದ ವಿವರಣೆ ಎಲ್ಲ ಅದರಲ್ಲಿರುತ್ತದೆ, ಫೋಟೋದ ಒಳಗೆ ಇರುವುದಿಲ್ಲ.

ಕಷ್ಟ ಆದದ್ದು ಅಪ್ಪನ ಹಳೆಯ ಡಿಜಿಟಲ್ ಕ್ಯಾಮೆರಾದ ಫೋಟೋಗಳಲ್ಲಿ. ಅವರು ಅವನ್ನು ಸಿಡಿಗೆ ಹಾಕಿ ಕಪಾಟಿನಲ್ಲಿ ಇಟ್ಟಿದ್ದರು. ನಮ್ಮ ಊರಿನ ಮಳೆಗಾಲದ ತೇವ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ಎರಡು ಸಿಡಿ ಓದಲೇ ಇಲ್ಲ. ಉಳಿದವುಗಳಲ್ಲಿ ಫೋಟೋ ಇತ್ತು, ತಾರೀಕು ತಪ್ಪಿತ್ತು. ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಆ ಕ್ಯಾಮೆರಾ 2005ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ಹಾಗಾಗಿ ಬೇರೆ ಬೇರೆ ವರ್ಷದ ಜಾತ್ರೆ, ನಾಮಕರಣ, ಯಕ್ಷಗಾನದ ಆಟ, ಎಲ್ಲ ಒಂದೇ ಜನವರಿಯಲ್ಲಿ ಬಂದು ಸೇರಿದ್ದವು.

ದಾರಿ ತೋರಿಸಿದ್ದು ಅಪ್ಪನ ಡೈರಿ. ಯಾವ ಗದ್ದೆಯಲ್ಲಿ ಯಾವ ದಿನ ಆಟ, ಯಾರ ವೇಷ, ಎಷ್ಟು ಹೊತ್ತಿಗೆ ಮನೆಗೆ ಬಂದದ್ದು, ಎಲ್ಲ ಬರೆದಿದ್ದರು. ಒಂದು ಆಟದ ಫೋಟೋ ಗುರುತಿಸಿದರೆ ಸಾಕು. ಕ್ಯಾಮೆರಾ ಹೇಳುವ ದಿನಕ್ಕೂ ಡೈರಿಯ ದಿನಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕಿ, ಆ ಸರದಿಯ ಫೋಟೋಗಳನ್ನೆಲ್ಲ ಅಷ್ಟೇ ಮುಂದಕ್ಕೆ ಸರಿಸಬಹುದು. ಡಿಜಿಕ್ಯಾಮ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದು ಒಂದೇ ಸಲಕ್ಕೆ ಆಗುತ್ತದೆ. ಒಂದೊಂದು ಸರದಿ ತನ್ನ ವರ್ಷಕ್ಕೆ ಹೋಗಿ ಕೂತಾಗ ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ.

ಜನರನ್ನು ಗುರುತಿಸುವ ಕೆಲಸ ಅಮ್ಮನದ್ದು. ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು. “ಇದು ಪಾರ್ಕಳದ ಅತ್ತೆ. ಇದು ಅವರ ಮನೆಯ ಕೆಲಸದವಳ ಮಗು, ಈಗ ನರ್ಸ್ ಆಗಿದ್ದಾಳೆ.” ನಾನು ಟೈಪ್ ಮಾಡುತ್ತಾ ಹೋದೆ. ಗೂಗಲ್ ಫೋಟೋಸ್ ಮುಖ ನೋಡಿ ತಾನೇ ಗುಂಪು ಮಾಡುತ್ತದೆ. ಅಮ್ಮನ ಮದುವೆಯ ಫೋಟೋ ಸ್ಕ್ಯಾನ್ ಮಾಡಿ ಹಾಕಿದ್ದನ್ನು ಅದು ತಂಗಿಯ ಗುಂಪಿಗೆ ಸೇರಿಸಿತ್ತು. ಅಮ್ಮ ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು. “ಅವಳು ನನ್ನ ಹಾಗೆ ಅಂತ ನಿನ್ನ ಅಪ್ಪನೂ ಹೇಳ್ತಿದ್ರು. ಅದನ್ನು ಸರಿ ಮಾಡ್ಬೇಡ, ಹಾಗೇ ಇರ್ಲಿ” ಎಂದರು. ಹಾಗೇ ಬಿಟ್ಟಿದ್ದೇನೆ.

ಈಗ ಎಲ್ಲದರ ಪ್ರತಿ ಎರಡು ಹಾರ್ಡ್‌ಡಿಸ್ಕ್‌ನಲ್ಲಿದೆ. ಒಂದು ನಮ್ಮಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ. ಇನ್ನೊಂದನ್ನು ನಾನೇ ಮಂಗಳೂರು ಬಸ್ ಹತ್ತಿ ಅಣ್ಣನ ಮನೆಗೆ ಕೊಟ್ಟು ಬಂದೆ. ಮೂರನೆಯದು ಕ್ಲೌಡ್‌ನಲ್ಲಿ. ಒಂದೇ ಸೂರಿನ ಕೆಳಗೆ ಎಲ್ಲ ಪ್ರತಿ ಇಡಬಾರದು ಎನ್ನುವುದು ನನ್ನ ಹಠ. ಖಾತೆಯನ್ನು ಎರಡು ವರ್ಷ ಯಾರೂ ತೆರೆಯದಿದ್ದರೆ ಗೂಗಲ್ ಅದನ್ನು ಅಳಿಸಬಹುದು. ಹಾಗಾಗಿ ಅಮ್ಮನ ಖಾತೆ ಸುಮ್ಮನೆ ಬಿದ್ದಿದ್ದರೆ ನಮ್ಮಿಬ್ಬರಿಗೂ ತಿಳಿಸುವ ಹಾಗೆ ತಂಗಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಹೊಂದಿಸಿದ್ದಾಳೆ.

ತಿಂಗಳ ಸಂಕ್ರಮಣದ ದಿನ ಹಾರ್ಡ್‌ಡಿಸ್ಕ್ ಜೋಡಿಸಿ ಹೊಸ ಫೋಟೋ ಸೇರಿಸುವುದು ಎಂದು ಅಮ್ಮನೇ ತೀರ್ಮಾನಿಸಿದರು. ಕ್ಯಾಲೆಂಡರಿನ ಆ ಚೌಕಗಳಲ್ಲಿ ಪೆನ್ಸಿಲಿನಲ್ಲಿ “ಫೋಟೋ” ಎಂದು ಬರೆದಿಟ್ಟಿದ್ದಾರೆ. ನಾನು ಮರೆತರೂ ಅವರು ಮರೆಯುವುದಿಲ್ಲ.

ಇಂಥ ಒಂದು ಸಂಕ್ರಮಣದ ಸಂಜೆ 2018ರ ಒಂದು ಚೌಕಿಯ ಫೋಟೋ ನೋಡುತ್ತಿದ್ದೆವು. ಬಣ್ಣದ ವೇಷದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮಹಿಷಾಸುರನ ವೇಷ. ಕೆನ್ನೆಯ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ, ಅಂದರೆ ಉಬ್ಬು ಚುಕ್ಕಿಗಳ ಸಾಲು, ಅರ್ಧ ಇಟ್ಟಾಗಿದೆ, ಇನ್ನರ್ಧ ಮನುಷ್ಯನ ಮುಖವೇ. ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ಸಣ್ಣ ಕನ್ನಡಿ. ಈ ಫೋಟೋ ನಮ್ಮ ಕುಟುಂಬದ ಗ್ರೂಪಿನಲ್ಲಿ ಎಷ್ಟೋ ಸಲ ಓಡಾಡಿದ್ದು. ಅಲ್ಲಿ ಆ ಕನ್ನಡಿ ಒಂದು ಮಸುಕು ಚುಕ್ಕಿ ಅಷ್ಟೆ.

“ಸ್ವಲ್ಪ ದೊಡ್ಡ ಮಾಡು” ಎಂದರು ಅಮ್ಮ. ಇದು ಗ್ರೂಪಿನ ಪ್ರತಿಯಲ್ಲ, ಅಪ್ಪನ ಫೋನಿನಿಂದ ನೇರ ಬಂದದ್ದು. ದೊಡ್ಡ ಮಾಡಿದೆ. ಇನ್ನೂ ದೊಡ್ಡ ಮಾಡಿದೆ. ಕನ್ನಡಿಯ ಒಳಗೆ ಚೌಕಿಯ ಬಲ್ಬಿನ ಬೆಳಕು, ಅದರ ಕೆಳಗೆ ಎತ್ತಿ ಹಿಡಿದ ಫೋನ್, ಫೋನಿನ ಪಕ್ಕದಲ್ಲಿ ಕನ್ನಡಕ ಮತ್ತು ಅರ್ಧ ಹಣೆ. ಹಣೆಯ ಮೇಲೆ ಸಂಜೆಯ ಗಂಧ ಇನ್ನೂ ಇತ್ತು.

ಅಮ್ಮ ಬೆರಳು ಚಾಚಿ ಪರದೆಯ ಹತ್ತಿರ ತಂದರು. ಮುಟ್ಟಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ಅಲ್ಲೇ ನಿಲ್ಲಿಸಿದರು. “ಇಲ್ಲಿದ್ದಾರೆ ನೋಡು” ಎಂದರು.