ಅಡ್ರೆಸ್ ಇಲ್ಲದವರ ಅರ್ಜಿ

31 ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವಳು ನಾನು. "ಅಡ್ರೆಸ್ ಪ್ರೂಫ್ ತಂದಿದ್ದೀರಾ?" ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ ಲೆಕ್ಕವಿಲ್ಲ. ಇಲ್ಲ ಅಂದವರಿಗೆ "ತಗೊಂಡು ಬನ್ನಿ" ಅಂತಿದ್ದೆ. ತಿರುಗಿ ಬಾರದವರ ಬಗ್ಗೆ ಆಗ ಯೋಚನೆ ಮಾಡಲಿಲ್ಲ. ಈಗ ಮಾಡುತ್ತೇನೆ.

ನಿವೃತ್ತಿಯಾದ ಮೇಲೆ ಶನಿವಾರ ಶನಿವಾರ ಬೆಂಗಳೂರಿನ ಒಂದು ವಸತಿರಹಿತರ ಆಶ್ರಯ ಕೇಂದ್ರಕ್ಕೆ ಹೋಗಿ ಅಲ್ಲಿರುವವರಿಗೆ ಅರ್ಜಿ ತುಂಬಿಕೊಡುತ್ತೇನೆ. ಎಲ್ಲರೂ ಇದನ್ನು ರಾತ್ರಿ ತಂಗುದಾಣ ಅನ್ನುತ್ತಾರೆ. ಆದರೆ ಹಗಲೂ ತೆಗೆದಿರಬೇಕು, ವರ್ಷಪೂರ್ತಿ ಇರಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಗರಗಳಲ್ಲಿ 1 ಲಕ್ಷ ಜನಕ್ಕೆ ಒಂದು ಕೇಂದ್ರ ಇರಬೇಕು ಅಂತಲೂ ಹೇಳಿದೆ. 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಒಬ್ಬೊಬ್ಬರಿಗೆ ಕನಿಷ್ಠ 50 ಚದರಡಿ ಜಾಗ ಅಂತಲೂ ಇತ್ತು. ಬಂದವರಿಗೆ ಗುರುತಿನ ಚೀಟಿ, ರೇಷನ್, ಪಿಂಚಣಿ ಸಿಗುವ ಹಾಗೆ ನೋಡಿಕೊಳ್ಳುವುದೂ ಕೇಂದ್ರದ್ದೇ ಕೆಲಸ. ಚಾಪೆ, ಹೊದಿಕೆಗಿಂತ ನನಗೆ ಇದೇ ದೊಡ್ಡದು ಅನಿಸುತ್ತದೆ.

ಅಲ್ಲೊಬ್ಬರು ಅಜ್ಜಿ ಇದ್ದಾರೆ. 68 ವರ್ಷ. ಹೂ ಕಟ್ಟಿ ಮಾರುತ್ತಿದ್ದವರು. ಬಾಡಿಗೆಗಿದ್ದ ವಠಾರ ಕೆಡವಿದರು. ಬೇರೆ ರೂಮಿಗೆ ಅಡ್ವಾನ್ಸ್ ಕೊಡಲು ದುಡ್ಡಿರಲಿಲ್ಲ. ಮೊದಲು ದೇವಸ್ಥಾನದ ಜಗಲಿ, ಆಮೇಲೆ ಇಲ್ಲಿ. ಮೊದಲ ದಿನ ನನ್ನ ಮುಂದೆ ಒಂದು ಬ್ರೆಡ್ ಕವರ್ ಇಟ್ಟರು. ಒಳಗೆ ಹಳೇ ರೇಷನ್ ಕಾರ್ಡ್. ಮಳೆಗೆ ನೆನೆದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಹುಷಾರಾಗಿ ಬಿಡಿಸಮ್ಮ, ಅದರಲ್ಲಿ ನಮ್ಮ ಯಜಮಾನರ ಹೆಸರೈತೆ" ಅಂದರು.

ಆಧಾರ್ ಕಾರ್ಡ್ ಕಳೆದುಹೋಗಿತ್ತು, ನಂಬರೂ ಗೊತ್ತಿಲ್ಲ. ಬೆರಳಚ್ಚು ಕೊಟ್ಟರೆ ಸಿಗುತ್ತದಲ್ಲ ಅಂತ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹತ್ತು ಬೆರಳಲ್ಲಿ ಒಂದೂ ಮೆಷಿನ್ನಿಗೆ ಸಿಗಲಿಲ್ಲ. ನಲವತ್ತು ವರ್ಷ ದಾರ ಎಳೆದೆಳೆದು ಬೆರಳ ತುದಿ ನುಣ್ಣಗಾಗಿದೆ. ಸೀರೆಗೆ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದರು. ಕೊನೆಗೆ ಅಲ್ಲಿದ್ದ ಹುಡುಗ ಕಣ್ಣಿನ ಮೆಷಿನ್ ಹಿಡಿದ. ಸಿಕ್ಕಿತು.

ಇನ್ನು ವಿಳಾಸ. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಬರೆದುಕೊಟ್ಟ ಪ್ರಮಾಣಪತ್ರವನ್ನು ಆಧಾರ್‌ನವರು ವಿಳಾಸದ ದಾಖಲೆ ಅಂತ ಒಪ್ಪುತ್ತಾರೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ವೋಟರ್ ಪಟ್ಟಿಗೂ ದಾರಿ ಇದೆ. ಬೀದಿಯಲ್ಲಿ ಮಲಗುವವರು ನಮೂನೆ 6ರಲ್ಲಿ (ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ) ಆ ಜಾಗವನ್ನೇ ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಅಲ್ಲಿಗೇ ಬಂದು ನೋಡಬೇಕು. ನಿಜವಾಗಿ ಅಲ್ಲೇ ಮಲಗುತ್ತಾರೆ ಅಂತ ಕಂಡರೆ ಸಾಕು, ವಿಳಾಸಕ್ಕೆ ಬೇರೆ ಕಾಗದ ಬೇಡ.

ಬ್ಯಾಂಕಲ್ಲೂ ಹಾಗೇ. ಯಾವ ದಾಖಲೆಯೂ ಇಲ್ಲದವರಿಗೆ 'ಸಣ್ಣ ಖಾತೆ' ಅಂತ ಇದೆ. ಒಂದು ಫೋಟೋ, ಅಧಿಕಾರಿಯ ಎದುರಿಗೆ ಒಂದು ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ. 50,000 ರೂಪಾಯಿವರೆಗೆ ಇಡಬಹುದು, ತಿಂಗಳಿಗೆ 10,000 ತೆಗೆಯಬಹುದು. ಮೊದಲು 12 ತಿಂಗಳಿಗೆ ಕೊಡುತ್ತಾರೆ. ನನ್ನ ಕೌಂಟರಿನಲ್ಲೇ ಆ ಸೌಲಭ್ಯ ಇತ್ತು. ಬಂದವರಿಗೆ ನಾನಾಗಿ ಒಮ್ಮೆಯೂ ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಓದುವವರಲ್ಲಿ ಬ್ಯಾಂಕಿನವರಿದ್ದರೆ, ದಯವಿಟ್ಟು ನೀವಾದರೂ ಹೇಳಿ.

ಕಳೆದ ಶನಿವಾರ ನಾನು ಹೋಗುವ ಹೊತ್ತಿಗೆ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಗುರುವಾರ ಪೋಸ್ಟ್‌ಮ್ಯಾನ್ ಬಂದು ಅವರ ಹೆಸರು ಕೂಗಿದರಂತೆ. ಆಧಾರ್ ಬಂದಿತ್ತು. ಎರಡು ದಿನ ಕವರ್ ಒಡೆಯದೆ ದಿಂಬಿನಡಿ ಇಟ್ಟುಕೊಂಡಿದ್ದರು. ನಾನು ವಿಳಾಸ ಓದಿದೆ. ಇನ್ನೊಂದು ಸಲ ಓದು ಅಂದರು. ಓದಿದೆ.

ಸಂಧ್ಯಾ ಸುರಕ್ಷಾ ಪಿಂಚಣಿ 65 ದಾಟಿದ ಬಡವರಿಗೆ ಸಿಗುತ್ತದೆ. ಅರ್ಜಿ ಹಾಕಲು ಸೋಮವಾರ ಇಬ್ಬರೂ ನಾಡಕಚೇರಿಗೆ ಹೋಗುತ್ತಿದ್ದೇವೆ.