ಮಳೆ ದೇವರಿಗೆ ಹೊಸ ಕದಿರು

ಕೊಡಗಿನಲ್ಲಿ ಮಳೆಗೂ ಬೆಳೆಗೂ ಇಗ್ಗುತಪ್ಪನೇ ಒಡೆಯ. ಹೊಸ ಅಕ್ಕಿಯ ಸುಗ್ಗಿ ಹಬ್ಬ ಪುತ್ತರಿ ಯಾವ ದಿನ, ಕದಿರು ಕೊಯ್ಯುವುದು ಎಷ್ಟು ಹೊತ್ತಿಗೆ ಎಂಬುದು ಕಕ್ಕಬ್ಬೆಯ ಪಾಡಿ ದೇವಸ್ಥಾನದಲ್ಲಿ ನಿಶ್ಚಯವಾಗಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಮನೆ, ಕಾಫಿ ತೋಟ ಸಮೇತ ಜಾರಿ ಬಂದವು. ಆ ವರ್ಷ ಮಳೆ ದೇವರನ್ನು ಯಾವ ಬಾಯಲ್ಲಿ ಕರೆಯುವುದು?

ದೇವರು ಮುನಿದ ಅಂದವರಿದ್ದರು. ನಾನಂತೂ ಒಪ್ಪುವುದಿಲ್ಲ. ಮಳೆ ವಿಪರೀತ ಸುರಿದದ್ದು ನಿಜ. ಆದರೆ ರಸ್ತೆಗೆ, ಮನೆಗೆ ಅಂತ ಇಳಿಜಾರಿನ ಬುಡ ಕಡಿದವರು ನಾವು. ಭೂವಿಜ್ಞಾನಿಗಳೂ ಅದನ್ನು ಎತ್ತಿ ಹೇಳಿದರು. ಜೆಸಿಬಿಯ ಲೆಕ್ಕವನ್ನು ಇಗ್ಗುತಪ್ಪನ ಖಾತೆಗೆ ಬರೆಯುವುದು ಎಂಥ ಭಕ್ತಿ!

ಆ ಸಲ ಪುತ್ತರಿಗೆ ಗೆಳೆಯನ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ಹೋಗಿದ್ದೆ. ಅವರ ಗದ್ದೆಯಲ್ಲಿ ತೆನೆ ಇರಲಿಲ್ಲ, ಮೇಲಿನಿಂದ ಬಂದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ದೀಪವಿರುವ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಕದಿರು ಸುತ್ತುವ ಎಲೆಗಳ ನೆರೆ ಕಟ್ಟಿ, ದೀಪ ಹಿಡಿದು, ಎಲ್ಲರೂ ಪಕ್ಕದ ಒಕ್ಕದವರ (ಮನೆತನದವರ) ಗದ್ದೆಗೆ ನಡೆದೆವು. ಗದ್ದೆಯವರೇ ಮುಂದೆ ಬಂದು ಈ ಮನೆಯ ಹಿರಿಯರ ಕೈಗೆ ಕತ್ತಿ ಕೊಟ್ಟರು. ಕೋವಿ ಹಾರಿತು. "ಪೊಲಿ ಪೊಲಿ ದೇವಾ", ಹೆಚ್ಚಲಿ ದೇವರೇ ಎಂದು ಎಲ್ಲರೂ ಕೂಗುತ್ತಿದ್ದಾಗ ಅಜ್ಜಿಯೊಬ್ಬರು ಕೈಮುಗಿದು, "ಅಪ್ಪಾ, ಮಳೆ ಕೊಡು. ಮೊನ್ನೆಯಷ್ಟು ಬೇಡ" ಅಂದರು, ಮಗನಿಗೆ ಸಂತೆಯ ಚೀಟಿ ಹೇಳುವ ಹಾಗೆ. ನಾನು ಕೇಳಿದ ಪ್ರಾರ್ಥನೆಗಳಲ್ಲಿ ಅಷ್ಟು ನೇರವಾದದ್ದು ಇನ್ನೊಂದಿಲ್ಲ.

ಕುಲದ ಪೂರ್ವಿಕರಾದ ಗುರುಕಾರೋಣರಿಗೆ ಎಡೆ ಇಟ್ಟ ಮೇಲೆ ಊಟ. ಪುತ್ತರಿಯ ಸಿಹಿ ತಂಬುಟ್ಟಿಗೆ ಬಾಳೆಹಣ್ಣು ಕೈಯಲ್ಲೇ ಕಿವುಚಬೇಕು. ಹುರಿದಕ್ಕಿಯ ಪುಡಿಯನ್ನು ಗಂಟು ಕಟ್ಟದಂತೆ ಸ್ವಲ್ಪಸ್ವಲ್ಪವೇ ಸೇರಿಸಬೇಕು. ಮೇಲೆ ಹುರಿದ ಎಳ್ಳು, ಕಾಯಿತುರಿ, ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ. ತುಪ್ಪದ ವಿಷಯದಲ್ಲಿ ಆ ಮನೆಯವರು ಕಷ್ಟಕಾಲ ಅಂತ ಕೈ ಹಿಡಿದಿರಲಿಲ್ಲ. ಪುತ್ತರಿ ಗೆಣಸು, ಜೇನು, ಹೊಸ ಅಕ್ಕಿಯ ಕಾಳು ಬಿದ್ದ ಪಾಯಸ ಎಲ್ಲವೂ ಇತ್ತು. ಬಾಳೆಗೊನೆ ಒಂದು ಮನೆಯದು, ಗೆಣಸು ಇನ್ನೊಂದು ಮನೆಯದು. ಮನೆ ಕಳೆದುಕೊಂಡು ಮಡಿಕೇರಿಯಲ್ಲಿ ಬಾಡಿಗೆಗಿದ್ದ ಅಣ್ಣನೊಬ್ಬ ತನ್ನ ಪಾಲಿನ ಕದಿರನ್ನು ನೆರೆಯ ಎಲೆಯಲ್ಲಿ ಸುತ್ತಿ ಜೀಪಿಗೆ ಕಟ್ಟಿದ, ಇನ್ನೊಂದಿಷ್ಟನ್ನು ಬಾಡಿಗೆ ಮನೆಯ ಬಾಗಿಲಿಗೆ ಅಂತ ಕೇಳಿ ಇಸಿದುಕೊಂಡ.

2019ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆ ತೋರದ ಗುಡ್ಡ ಕುಸಿಯಿತು. ಆ ಡಿಸೆಂಬರಿನ ಪುತ್ತರಿಗೂ ಜನ ಕತ್ತಿ, ಕೋವಿ, ದೀಪ ಹಿಡಿದು ಗದ್ದೆಗೆ ಇಳಿದರು.