ಇಲ್ಲ, ಕ್ವಾಂಟಮ್ ಭೌತವಿಜ್ಞಾನ ಅದ್ವೈತವನ್ನು ಸಾಬೀತು ಮಾಡಿಲ್ಲ

"ದೂರದೂರ ಇರುವ ಎರಡು ಕಣಗಳು ಒಂದನ್ನೊಂದು ಬಲ್ಲಂತೆ ವರ್ತಿಸುತ್ತವಂತೆ. ಅಂದ ಮೇಲೆ ಎಲ್ಲವೂ ಒಂದೇ ಎಂದು ಶಂಕರರು ಹೇಳಿದ್ದನ್ನು ವಿಜ್ಞಾನವೂ ಒಪ್ಪಿತಲ್ಲವೇ?" ಇಂಥ ಕಣಗಳ ಮೇಲಿನ ಪ್ರಯೋಗಗಳಿಗಾಗಿ 2022ರ ಭೌತವಿಜ್ಞಾನದ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಬಂದಂದಿನಿಂದ ಭೌತವಿಜ್ಞಾನ ಕಲಿಸುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ: ಇಲ್ಲ.

ನನ್ನನ್ನು ಕೆರಳಿಸುವುದು ಕೊನೆಯ ಆ "ಅಲ್ಲವೇ". ಅದು ಪ್ರಶ್ನೆಯಲ್ಲ, ನನ್ನ ರುಜುವಿಗಾಗಿ ತಂದ ಕಾಗದ. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರು ಸಾರಿನಿಂದ ಮಜ್ಜಿಗೆಯವರೆಗೂ ಇದನ್ನೇ ಹಿಡಿದು ಜಗ್ಗಿದರು. ಅವಳಿ ಮಕ್ಕಳಲ್ಲಿ ಒಂದಕ್ಕೆ ಪೆಟ್ಟಾದರೆ ಇನ್ನೊಂದು ಅಳುತ್ತದೆ, ಇದೂ ಹಾಗೇ ತಾನೇ ಎಂದರು. ಹಾಗಲ್ಲ. ಈ ಕಣಗಳ ಮೂಲಕ ಒಂದಕ್ಷರದ ಸಂದೇಶವನ್ನೂ ಕಳಿಸಲಾಗದು. ಒಂದು ತುದಿಯಲ್ಲಿ ಕುಳಿತವನಿಗೆ ಕಾಣುವುದು ನಾಣ್ಯ ಚಿಮ್ಮಿದಂಥ ಫಲಿತಾಂಶ ಮಾತ್ರ. ಎರಡೂ ಕಡೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಹೊಂದಿಕೆ ತಿಳಿಯುತ್ತದೆ. ಕಣಗಳ ಈ ನಂಟಿಗೆ ಹೆಣಿಗೆ (ಎಂಟ್ಯಾಂಗಲ್‌ಮೆಂಟ್) ಎನ್ನುತ್ತಾರೆ. ಅಷ್ಟೇ ಅಲ್ಲ, ಎರಡು ಕಣಗಳು ಪೂರ್ತಿ ಹೆಣೆದುಕೊಂಡರೆ ಮೂರನೆಯದಕ್ಕೆ ಆ ಹೆಣಿಗೆಯಲ್ಲಿ ಜಾಗವೇ ಇಲ್ಲ. "ಎಲ್ಲವೂ ಒಂದೇ" ಎಂಬುದಕ್ಕೆ ಇದೆಂಥ ಸಾಕ್ಷಿ? ಬ್ರಹ್ಮ ಇಂದ್ರಿಯಗಳಿಗೆ ಸಿಗದು, ಶಾಸ್ತ್ರವೇ ಅದಕ್ಕೆ ಪ್ರಮಾಣ ಎಂದು ವಾದಿಸಿದ ಶಂಕರರು ಪ್ರಯೋಗಾಲಯದ ಮುದ್ರೆಗಾಗಿ ಕಾದು ಕುಳಿತವರೂ ಅಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ಹೊರಡುವ ಮೊದಲೇ ಕಣಗಳು ಮಾತಾಡಿಕೊಂಡಿದ್ದರೆ? ಪರವೂರಿನಲ್ಲಿ ಚೀಲ ಬಿಚ್ಚಿದಾಗ ಎಡಗಾಲಿನ ಚಪ್ಪಲಿಯೊಂದೇ ಸಿಕ್ಕರೆ ಬಲಗಾಲಿನದು ಮನೆಯಲ್ಲಿ ಉಳಿದಿದೆ ಎಂದು ಆ ಕ್ಷಣವೇ ತಿಳಿಯುತ್ತದೆ. ಅದರಲ್ಲಿ ಪವಾಡವಿಲ್ಲ. 1935ರಲ್ಲಿ ಐನ್‌ಸ್ಟೈನ್ ಹಿಡಿದ ಪಟ್ಟು ಹೆಚ್ಚುಕಡಿಮೆ ಇದೇ. ಇದನ್ನು ಅಳೆದು ನೋಡಬಹುದು ಎಂದು 1964ರಲ್ಲಿ ತೋರಿಸಿದವರು ಭೌತವಿಜ್ಞಾನಿ ಜಾನ್ ಬೆಲ್.

ಆಟವಾಗಿ ಹೇಳುತ್ತೇನೆ. ಬೇರೆ ಬೇರೆ ಕೋಣೆಗಳಲ್ಲಿ ಇಬ್ಬರು. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರಿಗೆ ನಾಣ್ಯ ಚಿಮ್ಮಿ ಆರಿಸಿದ ಕೆಂಪೋ ಹಸಿರೋ ಒಂದು ಚೀಟಿ. ಅವರು "ಹೌದು" ಅಥವಾ "ಇಲ್ಲ" ಎನ್ನಬೇಕು. ಇಬ್ಬರಿಗೂ ಕೆಂಪು ಬಂದರೆ ಉತ್ತರ ಬೇರೆಯಾಗಬೇಕು, ಉಳಿದಂತೆ ಒಂದೇ ಆಗಬೇಕು. ಮೊದಲೇ ಎಷ್ಟೇ ಜಾಣತನದ ಒಪ್ಪಂದ ಮಾಡಿಕೊಂಡರೂ ಸರಾಸರಿ ಶೇ. 75ರಷ್ಟು ಸುತ್ತುಗಳಿಗಿಂತ ಹೆಚ್ಚು ಗೆಲ್ಲಲಾಗದು. ಹೆಣೆದುಕೊಂಡ ಕಣಗಳಿಗೆ ಸುಮಾರು ಶೇ. 85ರವರೆಗೆ ಸಾಧ್ಯ. 2015ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದ ಎರಡು ವಜ್ರದ ಹರಳುಗಳೊಳಗಿನ ಎಲೆಕ್ಟ್ರಾನ್‌ಗಳಿಂದ ಈ ಆಟ ಆಡಿಸಿದರು. ಇಲ್ಲಿ ಚೀಟಿ ಎಂದರೆ ಹೇಗೆ ಅಳೆಯಬೇಕೆಂಬ ಆಯ್ಕೆ, ಉತ್ತರ ಎಂದರೆ ಅಳತೆಯ ಫಲಿತಾಂಶ. ಒಂದು ಕಡೆಯ ಚೀಟಿಯ ಸುದ್ದಿಯನ್ನು ಬೆಳಕು ಕೂಡ ಇನ್ನೊಂದು ಕಡೆಗೆ ಮುಟ್ಟಿಸುವ ಮೊದಲೇ ಉತ್ತರ ದಾಖಲಾಗಿತ್ತು. 245 ಸುತ್ತು, 196 ಗೆಲುವು. ಒಪ್ಪಂದವೊಂದೇ ಆಗಿದ್ದರೆ 184ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಇದು ಅದೃಷ್ಟವಿರಬಹುದೇ ಎಂಬ ಅನುಮಾನವನ್ನು ಅದೇ ವರ್ಷ ವಿಯೆನ್ನಾ ಮತ್ತು ಅಮೆರಿಕದ ಬೋಲ್ಡರ್‌ನಲ್ಲಿ ಬೆಳಕಿನ ಕಣಗಳ ಮೇಲೆ ನಡೆದ ಪ್ರಯೋಗಗಳು ತೊಡೆದುಹಾಕಿದವು.

ಹಾಗಾದರೆ ನಮ್ಮ ಯಾವ ನಂಬಿಕೆಯನ್ನು ಬಿಟ್ಟುಕೊಡಬೇಕು? ಅಳೆಯುವ ಮೊದಲು ಉತ್ತರವೇ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಚೀಟಿಯ ಬಣ್ಣವೂ ಮೊದಲೇ ನಿಗದಿಯಾಗಿತ್ತು ಎಂದು ಇನ್ನು ಕೆಲವರು. ಹಾಗಿದ್ದರೆ ಯಾವ ಪ್ರಯೋಗವನ್ನೂ ನಂಬುವಂತಿಲ್ಲ, ಅದನ್ನು ನಾನು ಒಪ್ಪಲಾರೆ. ಸಂದೇಶ ಕಳಿಸಲಾಗದಿದ್ದರೂ ಇಲ್ಲಿ ಆದದ್ದು ಅಲ್ಲಿ ತಟ್ಟುತ್ತದೆ, ನಡುವಿನ ದೂರ ಅದನ್ನು ತಡೆಯುವುದಿಲ್ಲ ಎಂಬ ಭೌತವಿಜ್ಞಾನಿ ಡೇವಿಡ್ ಬೋಮ್ ಅವರ ದಾರಿಯ ಕಡೆಗೆ ಬೆಲ್ ಒಲವು ತೋರಿದರು. ನನ್ನ ಒಲವೂ ಅತ್ತಲೇ. ಆ ಹಿರಿಯರು "ಹಾಗಾದರೆ ದೂರವೆಂದರೇನು?" ಎಂದು ಕೇಳಿದ್ದರೆ ಮುಂದಿನ ಪಂಕ್ತಿ ಏಳುವವರೆಗೂ ಅಲ್ಲೇ ಕುಳಿತು ಮಾತಾಡುತ್ತಿದ್ದೆ.